ಸೌತ್‌ಗೇಟಿನ ವಾಕರ್ ಸೋದರರು

ಕ್ರಿಕೆಟ್ಟು ದೊಡ್ಡಮನುಷ್ಯರ ಆಟವೆಂಬ ಮಾತನ್ನು ಶ್ರೋತೃಗಳು ಅನೇಕ ಸಲ ಕೇಳಿರಬಹುದು. ಮೂರು ದಿನಗಳ ಕಾಲ ಬಯಲಿನಲ್ಲಿ ನಿಂತು ಆಡುವುದಕ್ಕೆ ಬಿಡುವು ಬೇಕು. ಬಿಡುವಿಗೆ ಹಣ ಬೇಕು. ಆ ಹಣವು ಎಲ್ಲಿಂದ ಬಂದಿತು, ಅದನ್ನು ಪಡೆದವರು ಅದರಿಂದ ಏನನ್ನು ಮಾಡಿದರು ಎಂಬ ಪ್ರಶ್ನೆಗೆ, ವಿಕ್ಟೋರಿಯಾ ರಾಣಿಯ ಕಾಲದ ವಾಕರ್ ಎಂಬ ಇಂಗ್ಲಿಷ್ ಮನೆತನದ ಚರಿತ್ರೆಯಲ್ಲಿ ಒಳ್ಳೆಯ ಉತ್ತರವುಂಟು.

ಲಂಡನ್ ನಗರದ ಪೂರ್ವಭಾಗದಲ್ಲಿ, ಥೇಮ್ಸ್ ನದಿಯ ಹಡಗುಕಟ್ಟೆಗಳ ಬಳಿ, ಲೈಮ್‌ಹೌಸ್ ಎಂಬ ಪೇಟೆಯಿದೆ. ಟೇಲರ್ ವಾಕರ್ ಕಂಪನಿಯ ಬೀರಿನ ಕಾರ್ಖಾನೆಯು ಅಲ್ಲಿದ್ದಿತು. 1730ರಲ್ಲಿ ಮೊದಲಾದ ಈ ವ್ಯಾಪಾರಕ್ಕೆ 1816ರಲ್ಲಿ ವಾಕರ್ ಮನೆತನದವನೊಬ್ಬನು ಪಾಲುದಾರನಾಗಿ ಸೇರಿದನು. ಬಾರ್ಲಿಯನ್ನು ನೆನೆಯಿಟ್ಟು ಮೊಳಕೆ ಬರಿಸಿ, ಕಾವಿನಲ್ಲಿ ಒಣಗಿಸಿ, ನುಚ್ಚುಮಾಡಿ, ಬಿಸಿನೀರಿನಲ್ಲಿ ಕಲಸಿ ಅದರ ಸಿಹಿರಸವನ್ನು ತೆಗೆಯುವುದು. ಆ ರಸವನ್ನು ಹಾಪ್ಸ್ ಎಂಬ ಬಳ್ಳಿಯ ಕಹಿಹೂಗಳೊಡನೆ ಕುದಿಸಿ, ಆರಿಸಿ, ಹುದುಗೆಬ್ಬಿಸುವುದು. ಬೀರನ್ನು ಮಾಡುವ ಕ್ರಮವು ಇಷ್ಟೇ. ಆದರೆ ಹಂಡೆಗಳೂ ತೊಟ್ಟಿಗಳೂ ದೊಡ್ಡವಾದಷ್ಟೂ ಖರ್ಚು ಇಳಿದು ಲಾಭವು ಏರುವುದರಿಂದ, ಮೂಲಧನವುಳ್ಳ ಕೆಲವೇ ಮನೆತನಗಳ ಕೈಗೆ ಲಂಡನ್ನಿನ ಬೀರು ಸೇರಿತು. ಹಡಗುಕಟ್ಟೆಯ ಕೂಲಿಕಾರನು ದಿನದ ದಣಿವಾರಿಸಿಕೊಳ್ಳುವುದಕ್ಕೆಂದು ಕೊಟ್ಟ ಚಿಲ್ಲರೆ ಕಾಸೇ ಈ ಮನೆತನಗಳ ಐಶ್ವರ್ಯವಾಯಿತು.

ಲಂಡನ್ನಿಗೆ ಉತ್ತರದಲ್ಲಿ, ಆಗಿನ್ನೂ ಹಳ್ಳಿಯಾಗಿದ್ದ ಸೌತ್‌ಗೇಟಿನ ಆರ್ನೋಸ್ ಗ್ರೋವ್ ಎಂಬ ಭವನದಲ್ಲಿ ವಾಕರರು ವಾಸವಾಗಿದ್ದರು. ಆ ಮನೆಯ ಏಳು ಮಂದಿ ಗಂಡುಮಕ್ಕಳೂ ಉನ್ನತ ದರ್ಜೆಯ ಕ್ರಿಕೆಟ್ ಆಡಿದರು. ಹಿರಿಯನಾದ ಜಾನನು ಸೌತ್‌ಗೇಟಿನಲ್ಲಿ ಮೈದಾನವನ್ನು ಸಿದ್ಧಪಡಿಸಿ, ಇಂಗ್ಲೆಂಡಿನ ಹೆಸರಾಂತ ಆಟಗಾರರನ್ನು ಕರೆಸಿ ಪಂದ್ಯಗಳನ್ನು ನಡೆಸಿದನು. ಸೋದರರಲ್ಲಿ ಅತಿ ಪ್ರಸಿದ್ಧನಾದವನು ಐದನೆಯವನು, 1837ರಲ್ಲಿ ಹುಟ್ಟಿದ ವೈಯೆಲ್ ಎಡ್ವರ್ಡ್ ವಾಕರ್.

ಈತನು ತೋಳನ್ನೆತ್ತದೆ, ಕೆಳಗೈಯಿಂದ ಚೆಂಡನ್ನು ಮೆಲ್ಲಗೆ ಎಸೆಯುತ್ತಿದ್ದನು. ನೋಟಕ್ಕೆ ಮಕ್ಕಳಾಟದಂತಿದ್ದರೂ ಅದರಲ್ಲಿ ಉಪಾಯವಿದ್ದಿತು. ಗಾಳಿಯಲ್ಲಿ ನಿಧಾನವಾಗಿ ಬರುವ ಚೆಂಡು ಎಲ್ಲಿ ಬೀಳುವುದೆಂಬ ಎಣಿಕೆ ತಪ್ಪಿ ದಾಂಡಿಗನು ಆತುರದಿಂದ ಹೊಡೆಯುವನು. ಎಸೆದವನೇ ಮುಂದೆ ಧಾವಿಸಿ ಹಿಡಿಯುವನು. 1859ರ ಜುಲೈ ತಿಂಗಳಿನಲ್ಲಿ, ಓವಲ್ ಮೈದಾನದಲ್ಲಿ, ಇಂಗ್ಲೆಂಡಿನ ಪರವಾಗಿ ಸರ್ರೆಯ ವಿರುದ್ಧ ಆಡುತ್ತ, ಇಪ್ಪತ್ತೆರಡು ವರ್ಷದ ವಾಕರನು ಎದುರಾಳಿಗಳ ಮೊದಲ ಸರದಿಯ ಹತ್ತು ವಿಕೆಟ್ಟುಗಳನ್ನೂ 74 ಓಟಗಳಿಗೆ ತಾನೊಬ್ಬನೇ ಉರುಳಿಸಿದನು. ತನ್ನ ಎರಡನೆಯ ಸರದಿಯಲ್ಲಿ 108 ಓಟಗಳನ್ನು ಗಳಿಸಿದನು. ಒಂದೇ ಪಂದ್ಯದಲ್ಲಿ ಇವೆರಡನ್ನೂ ಸಾಧಿಸಿದವರಲ್ಲಿ ಈತನೇ ಮೊದಲಿಗನು. ಡಬ್ಲ್ಯು. ಜಿ. ಗ್ರೇಸ್ ಮಹಾಶಯನು 1886ರಲ್ಲಿಯೂ, ಮಿಡ್ಲ್‌ಸೆಕ್ಸಿನ ಆಟಗಾರನೇ ಆದ ಫ್ರಾಂಕ್ ಟ್ಯಾರಂಟನು 1918ರಲ್ಲಿ ನಮ್ಮ ದೇಶದ ಪುಣೆಯಲ್ಲಿಯೂ ಇದನ್ನು ಮಾಡಿ ತೋರಿಸಿದರು.

ಆದರೆ ಅಂದಿನ ಮೈದಾನದಲ್ಲಿ ಎರಡು ಜಾತಿಗಳಿದ್ದವು. ವಾಕರನಂತೆ ಸಂಬಳವಿಲ್ಲದೆ ಆಡುವ ಹವ್ಯಾಸಿಗಳು ಒಂದು. ಪಂದ್ಯಕ್ಕಿಷ್ಟೆಂದು ಹಣ ಪಡೆದು ಅದರಿಂದಲೇ ಹೊಟ್ಟೆ ಹೊರೆಯುವ ವೃತ್ತಿಗಾರರು ಇನ್ನೊಂದು. ಈ ಅಂತರವು 1862ರಲ್ಲಿ ಅದೇ ಓವಲ್ ಮೈದಾನದಲ್ಲಿ ಎಲ್ಲರ ಕಣ್ಣಿಗೂ ಬಿದ್ದಿತು. ಎಡ್ಗರ್ ವಿಲ್ಷರ್ ಎಂಬ ವೃತ್ತಿಗಾರನು ಭುಜಕ್ಕಿಂತ ಮೇಲೆ ಕೈಯೆತ್ತಿ ಚೆಂಡೆಸೆಯುತ್ತಾನೆಂದು, ಆಗಿನ ನಿಯಮದಂತೆ ಅಂಪೈರನು ಸತತವಾಗಿ ಅದನ್ನು ತಳ್ಳಿಹಾಕಿದನು. ವಿಲ್ಷರನು ಚೆಂಡನ್ನು ಬಿಸುಟು ಹೊರಟುಹೋದನು. ಜೊತೆಯ ವೃತ್ತಿಗಾರರೆಲ್ಲರೂ ಆತನನ್ನು ಹಿಂಬಾಲಿಸಿದರು. ಬಯಲಿನಲ್ಲಿ ಉಳಿದವರು ಹವ್ಯಾಸಿಗಳಿಬ್ಬರೇ. ಅವರಲ್ಲೊಬ್ಬನು ಆ ತಂಡದ ನಾಯಕನಾಗಿದ್ದ ವಾಕರ್. ನಿಯಮದ ತೊಡಕು ಒಬ್ಬನಿಗೆ ಅನ್ನದ ಪ್ರಶ್ನೆ, ಮತ್ತೊಬ್ಬನಿಗೆ ಆಟದ ಪ್ರಶ್ನೆ. ತೋಳೆತ್ತಿ ಎಸೆಯುವುದಕ್ಕೆ 1864ರಲ್ಲಿ ಅನುಮತಿ ದೊರೆಯಿತು; ಹವ್ಯಾಸಿ ವೃತ್ತಿಗಾರರೆಂಬ ಭೇದವನ್ನು ರದ್ದುಮಾಡುವ ತೀರ್ಮಾನಕ್ಕೆ ಮಾತ್ರ 1962ರವರೆಗೆ, ಎಂದರೆ ಇನ್ನೊಂದು ಶತಮಾನ, ಕಾಯಬೇಕಾಯಿತು.

ಈ ಭೇದದ ಸುಖವನ್ನು ಉಂಡವರು ವಾಕರರೆಂಬುದು ನಿಜ. ಆದರೆ ಅವರು ಉಂಡು ಸುಮ್ಮನಿರಲಿಲ್ಲ. 1864ರ ಫೆಬ್ರವರಿಯಲ್ಲಿ ಮಿಡ್ಲ್‌ಸೆಕ್ಸ್ ಕೌಂಟಿಯ ಸಂಘವು ಸ್ಥಾಪಿತವಾದಾಗ ಅದಕ್ಕೆ ಬೆನ್ನೆಲುಬಾದವರು ಈ ಸೋದರರೇ. ಸಂಘಕ್ಕೆ ಸ್ವಂತ ಮೈದಾನವಿರಲಿಲ್ಲ; ಇಸ್ಲಿಂಗ್ಟನ್ನಿನ ದನದ ಸಂತೆಯ ಪಕ್ಕದ ಬಯಲಿನಲ್ಲಿ ಆಟವು ಮೊದಲಾಗಿ, ಅಲ್ಲಿಂದ ಸ್ಥಳಾಂತರಗಳು ನಡೆದವು. ಒಮ್ಮೆ ಸಂಘವನ್ನು ಮುಚ್ಚಬೇಕೇ ಎಂಬ ಮಾತು ಬಂದು, 6ಕ್ಕೆದುರಾಗಿ 7 ಮತಗಳಿಂದ ಅದು ಬದುಕಿಕೊಂಡಿತು. ಆರಂಭದಿಂದ 1872ರವರೆಗೆ ವೈಯೆಲನೂ, ಆಮೇಲೆ 1884ರವರೆಗೆ ಕಿರಿಯ ತಮ್ಮ ಐಸಾಕನೂ ನಾಯಕತ್ವವನ್ನು ಹೊತ್ತರು. 1877ರಲ್ಲಿ ಸಂಘಕ್ಕೆ ಲಾರ್ಡ್ಸ್ ಮೈದಾನದಲ್ಲಿ ನೆಲೆ ದೊರಕಿತು.

ಏಳು ಸೋದರರಲ್ಲಿ ಒಬ್ಬನೂ ವಿವಾಹವಾಗಲಿಲ್ಲ. ವೈಯೆಲನು 1906ರಲ್ಲಿ ತೀರಿಕೊಂಡನು. ಕಡೆಗುಳಿದ ರಸೆಲನು 1918ರಲ್ಲಿ ಆರ್ನೋಸ್ ಗ್ರೋವನ್ನು ಮಾರಿ, 1922ರಲ್ಲಿ ಗತಿಸಿದನು. ಲೈಮ್‌ಹೌಸಿನ ಕಂಪನಿಯೂ 1959ರಲ್ಲಿ ಅನ್ಯರ ವಶವಾಯಿತು. ಮನೆ ಹೋಯಿತು, ವ್ಯಾಪಾರ ಹೋಯಿತು, ಸಂತತಿಯೂ ನಿಂತಿತು. ಉಳಿದದ್ದು ದತ್ತಿಯಾಗಿ ಬಿಟ್ಟುಕೊಟ್ಟ ಸೌತ್‌ಗೇಟಿನ ಮೈದಾನ. ಕ್ರೈಸ್ಟ್ ಚರ್ಚಿನ ಮಗ್ಗುಲಿನಲ್ಲಿರುವ ಆ ಹಸುರು ಬಯಲು ಇಂದಿಗೂ ವಾಕರರ ಹೆಸರನ್ನೇ ಹೊತ್ತಿದೆ.

ಒಬ್ಬನ ಬಿಡುವಿನ ಹಿಂದೆ ಮತ್ತೊಬ್ಬನ ದುಡಿಮೆಯು ಇದ್ದೇ ಇರುತ್ತದೆ. ಆ ಸಾಲವನ್ನು ಪೂರ್ತಿಯಾಗಿ ತೀರಿಸುವುದು ಯಾರಿಂದಲೂ ಆಗದು. ಆದರೂ ತಾನು ಆಡಿದ ನೆಲವನ್ನು, ತನ್ನ ಹೆಸರನ್ನೇ ಕೇಳಿರದ ನಾಳಿನ ಹುಡುಗನಿಗಾಗಿ ಬಿಟ್ಟುಹೋದವನು ಅದರ ಬಡ್ಡಿಯನ್ನಾದರೂ ಸಲ್ಲಿಸಿದನೆಂದು ಹೇಳಬಹುದು.