ಮಗಳು ಎಂ.ಫಾರ್ಮಾ ಓದುತ್ತೇನೆಂದರೆ...

"ಬಿ.ಫಾರ್ಮಾ ಮುಗೀತಲ್ಲ, ಇನ್ನು ಗಂಡು ನೋಡ್ರಿ" – ಮನೆಗೆ ಬಂದವರೆಲ್ಲ ಹೀಗೆ ಹೇಳುವವರೇ. ನಮ್ಮಲ್ಲೂ ಹಾಗೇ ಆಯಿತು. ಮಗಳಿಗೆ ಮುಂದೆ ಓದುವ ಆಸೆ, ನಮ್ಮವರಿಗೆ ಖರ್ಚಿನ ಚಿಂತೆ. ನಿಮ್ಮ ಮನೆಯಲ್ಲೂ ಇಂಥ ಮಗಳಿದ್ದರೆ, ಸೋದರಿಯರೇ, ನಾನು ಕಲಿತದ್ದನ್ನು ಕೇಳಿ.

ಮೊದಲನೆಯದು 'ಜಿಪ್ಯಾಟ್' ಪರೀಕ್ಷೆ. ಇಡೀ ದೇಶಕ್ಕೆ ಒಂದೇ. ಬಿ.ಫಾರ್ಮಾ ಕೊನೆಯ ವರ್ಷದಲ್ಲಿರುವಾಗಲೇ ಬರೆಯಬಹುದು. ಮೂರು ಗಂಟೆ, 125 ಪ್ರಶ್ನೆ. ಸರಿಯುತ್ತರಕ್ಕೆ 4 ಅಂಕ; ತಪ್ಪಿದರೆ 1 ಅಂಕ ಕಡಿತ. ಹಾಗಾಗಿ ಗೊತ್ತಿಲ್ಲದ್ದನ್ನು ಊಹಿಸಿ ಬರೆಯಬೇಡ ಅಂತ ಹೇಳಿ. ಇದರಲ್ಲಿ ಅರ್ಹತೆ ಪಡೆದು ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಉಂಟು. ಸೇರುವ ಕಾಲೇಜಿಗೆ ಅದು ಅನ್ವಯಿಸುತ್ತದೆಯೇ ಎಂದು ಮೊದಲೇ ವಿಚಾರಿಸಿ. ಈ ಮಾತು ಕೇಳಿದ ಮೇಲೆಯೇ ನಮ್ಮವರು "ಹೂಂ" ಅಂದದ್ದು!

ಬಿ.ಫಾರ್ಮಾದಲ್ಲಿ ಶೇಕಡಾ 55 ಅಂಕ ಬೇಕು. ಅದು ನಮ್ಮ ಹುಡುಗಿಗೆ ಇತ್ತು, ಸೀಟೂ ಸಿಕ್ಕಿತು. ಎಡವಿದ್ದು ಬೇರೆ ಕಡೆ. ರಾಜ್ಯ ಫಾರ್ಮಸಿ ಕೌನ್ಸಿಲಿನ ನೋಂದಣಿ ಔಷಧಿ ಅಂಗಡಿ ಇಡುವವರಿಗೆ ಮಾತ್ರ ಅಂದುಕೊಂಡು ನಾವು ಸುಮ್ಮನಿದ್ದೆವು. ಸೇರಿದ ಒಂದು ತಿಂಗಳೊಳಗೆ ಅದು ಆಗದಿದ್ದರೆ ಪ್ರವೇಶವೇ ರದ್ದಂತೆ! ಕಾಗದಪತ್ರ ಹುಡುಕಿ ಜೋಡಿಸುವಷ್ಟರಲ್ಲಿ ಸಾಕುಸಾಕಾಯಿತು. ನಾಲ್ಕು ದಿನ ಉಳಿದಿರುವಾಗ ನೋಂದಣಿ ಕೈಗೆ ಬಂತು.

ಆದ್ದರಿಂದ ಫಲಿತಾಂಶ ಬಂದ ಕೂಡಲೇ ನೋಂದಣಿ ಮಾಡಿಸಿಬಿಡಿ. ಎಸ್.ಎಸ್.ಎಲ್.ಸಿ.ಯಿಂದ ಹಿಡಿದು ಎಲ್ಲ ಅಂಕಪಟ್ಟಿಗಳೂ ಒಂದೇ ಫೈಲಿನಲ್ಲಿರಲಿ. ಗಂಡು ನೋಡುವುದು ಎರಡು ವರ್ಷ ಕಾದೀತು, ಅರ್ಜಿಯ ಕೊನೆಯ ದಿನ ಕಾಯುವುದಿಲ್ಲ.