ಗರ್ಭಗುಡಿಯಲ್ಲಿ ರಾಜ, ಬಾಗಿಲಲ್ಲಿ ರಾಜ

ಜರಗನಹಳ್ಳಿಯಿಂದ ಕನಕಪುರ ರಸ್ತೆ ಹಿಡಿದು ಬನಶಂಕರಿ ದಾಟಿದರೆ ಗವಿಪುರ ದೂರವೇನಲ್ಲ. ಮಕರ ಸಂಕ್ರಾಂತಿಯ ಸಂಜೆ ಮಾತ್ರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇಳಿಹೊತ್ತಿನ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಗವಿ ಗಂಗಾಧರೇಶ್ವರನ ಲಿಂಗ ಮುಟ್ಟುವ ಆ ಕೆಲವೇ ನಿಮಿಷಗಳಿಗಾಗಿ ಜನ ಕಾದು ನಿಂತಿರುತ್ತಾರೆ. 16ನೇ ಶತಮಾನದಲ್ಲಿ ಈ ಗುಹಾಲಯದ ಜೀರ್ಣೋದ್ಧಾರ ಮಾಡಿಸಿದವನು ಕೆಂಪೇಗೌಡ.

ದಕ್ಷಿಣ ಈಜಿಪ್ಟಿನ ಅಬು ಸಿಂಬೆಲ್‌ನಲ್ಲೂ ಜನ ಹೀಗೆಯೇ ನೆರೆಯುತ್ತಾರೆ, ಫೆಬ್ರವರಿ 22 ಮತ್ತು ಅಕ್ಟೋಬರ್ 22ರ ಮುಂಜಾನೆ. ಸುಮಾರು 3,200 ವರ್ಷಗಳ ಹಿಂದೆ ಎರಡನೇ ರಾಮ್ಸೆಸ್ ಬಂಡೆ ಕೊರೆಸಿ ಮಾಡಿಸಿದ ಗುಡಿ ಅದು. ಎಳೆಬಿಸಿಲು ಸುಮಾರು 60 ಮೀಟರ್ ಒಳಗೆ ಹರಿದು ಗರ್ಭಗುಡಿ ತಲುಪುತ್ತದೆ. ಅಲ್ಲಿ ಸಾಲಾಗಿ ನಾಲ್ವರು ಕೂತಿದ್ದಾರೆ. ಪ್ತಾಹ್, ಅಮುನ್-ರಾ, ರಾ-ಹೊರಾಖ್ತಿ ದೇವರುಗಳಾದರೆ ಇನ್ನೊಬ್ಬ ಸಾಕ್ಷಾತ್ ರಾಮ್ಸೆಸ್! ಗುಡಿ ಕಟ್ಟಿಸಿದ ದೊರೆ ದೇವರ ಪಂಕ್ತಿಯಲ್ಲೇ ಕೂತುಬಿಟ್ಟಿದ್ದಾನೆ. ಅಷ್ಟು ಸಾಲದೆಂಬಂತೆ ಹೊರಗೆ ಮುಂಭಾಗದಲ್ಲೂ ಅವನದೇ, 20 ಮೀಟರ್ ಎತ್ತರದ ಮೂರ್ತಿಗಳು.

ಇದನ್ನು ಬರೀ ದರ್ಪ ಎಂದುಬಿಟ್ಟರೆ ಅನ್ಯಾಯವಾದೀತು. ಈಜಿಪ್ಟಿನ ನಂಬಿಕೆಯಲ್ಲಿ ದೇವರಿಗೆ ನೈವೇದ್ಯ ಒಪ್ಪಿಸುವ ಅಧಿಕಾರ ರಾಜನೊಬ್ಬನದು. ಪೂಜಾರಿಗಳು ಅವನ ಪರವಾಗಿ ನಿಂತವರು. ಹಾಗಾಗಿ ಮಂಡಿಯೂರಿದ ರಾಜರ ಮೂರ್ತಿಗಳಿಗೂ ಅಲ್ಲಿ ಕೊರತೆಯಿಲ್ಲ. ಕ್ರಿ.ಪೂ. 15ನೇ ಶತಮಾನದಲ್ಲಿ ಆಳಿದ ಹ್ಯಾಟ್‌ಶೆಪ್ಸುಟ್ ಹೆಣ್ಣು. ಕಲ್ಲಿನಲ್ಲಿ ಮಾತ್ರ ದೊರೆಗಳು ತೊಡುವ ಕೃತಕ ಗಡ್ಡ ತೊಟ್ಟು, ಒಂದೊಂದು ಕೈಯಲ್ಲೂ ಒಂದೊಂದು ದುಂಡನೆಯ ಕುಡಿಕೆ ಹಿಡಿದು, ಅಮುನ್ ದೇವರಿಗೆ ಅರ್ಪಿಸುತ್ತ ಮಂಡಿಯೂರಿದ್ದಾಳೆ. ಡೈರ್ ಎಲ್-ಬಹ್ರಿಯ ಅವಳ ಗುಡಿಯಲ್ಲಿ ದೇವರ ಉತ್ಸವ ಸಾಗುವ ದಾರಿಯ ಇಕ್ಕೆಲದಲ್ಲೂ ಇಂಥ ಮೂರ್ತಿಗಳಿದ್ದವು. ಅವಳು ತೀರಿಕೊಂಡ ಮೇಲೆ, ಮೂರನೇ ಥಟ್‌ಮೋಸ್‌ನ ಕಾಲದಲ್ಲಿ, ಎಲ್ಲವೂ ಪುಡಿಪುಡಿಯಾಗಿ ಗುಂಡಿ ಸೇರಿದವು. 1920ರ ದಶಕದಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನವರು ಚೂರುಗಳನ್ನು ಅಗೆದು ತೆಗೆದು ಜೋಡಿಸಿದರು.

ನಮ್ಮ ಅರಸರು ದೇವರ ಪಕ್ಕ ಕೂರಲು ಹೋದವರಲ್ಲ. ಗುಡಿಯೊಳಗೆ ಅವರ ಜಾಗ ಸಾಮಾನ್ಯವಾಗಿ ಗರ್ಭಗುಡಿಯಿಂದ ಆಚೆ; ಭಂಗಿ, ಕೈಮುಗಿದು ನಿಲ್ಲುವುದು. ಇಂಥ ಮೂರ್ತಿಗಳಿಗೆ ಭಕ್ತ ವಿಗ್ರಹ ಎಂದೇ ಹೆಸರು. ದೊರೆ ದಂಡಿನಲ್ಲಿರಲಿ, ಬೇಟೆಯಲ್ಲಿರಲಿ, ನಿತ್ಯಪೂಜೆಗೆ ಅವನ ಹಾಜರಿ ತಪ್ಪದು! ತಿರುಮಲೆಯ ಮಹಾದ್ವಾರ ದಾಟಿದೊಡನೆ ಕೃಷ್ಣದೇವರಾಯ ತಿರುಮಲಾದೇವಿ, ಚಿನ್ನಾದೇವಿಯರೊಡನೆ ಹೀಗೆ ನಿಂತಿದ್ದಾನೆ. ದರ್ಶನದ ನೂಕುನುಗ್ಗಲಿನಲ್ಲಿ ಅವನತ್ತ ತಿರುಗಿ ನೋಡುವವರು ಕಡಿಮೆ. ಚಾಮುಂಡಿ ಬೆಟ್ಟದ ಗುಡಿಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರದು ಆರಡಿಯ ಮೂರ್ತಿ. ಜೊತೆಗೆ ಮೂವರು ರಾಣಿಯರು. ಯಾರು ಯಾರೆಂದು ಗೊಂದಲವಾಗದಂತೆ ರಮಾವಿಲಾಸ, ಲಕ್ಷ್ಮೀವಿಲಾಸ, ಕೃಷ್ಣವಿಲಾಸ ಎಂದು ಪೀಠದಲ್ಲೇ ಕೆತ್ತಿಸಿದ್ದಾರೆ.

ಕೆಂಪೇಗೌಡನಿಗೂ ಅಂಥದೊಂದು ವಿಗ್ರಹವಿದೆ, ಶಿವಗಂಗೆಯ ಗಂಗಾಧರೇಶ್ವರ ಗುಡಿಯಲ್ಲಿ. ಅವನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1609ರಲ್ಲಿ ಇರಿಸಿದ ಲೋಹದ ಮೂರ್ತಿ ಅದು, ಕೈಮುಗಿದು ನಿಂತದ್ದು.

2022ರ ನವೆಂಬರ್ 11ರಂದು ಬೆಂಗಳೂರು ವಿಮಾನ ನಿಲ್ದಾಣದ ಬಳಿ ಅನಾವರಣಗೊಂಡ ಕೆಂಪೇಗೌಡನ ಗತ್ತೇ ಬೇರೆ. ಶಿಲ್ಪಿ ರಾಮ್ ಸುತಾರ್ ರೂಪಿಸಿದ ಈ ಕಂಚಿನ ಮೂರ್ತಿ 108 ಅಡಿ, ಅಬು ಸಿಂಬೆಲ್‌ನ ರಾಮ್ಸೆಸ್‌ಗಿಂತಲೂ ಎತ್ತರ. ಕೈಯಲ್ಲಿರುವ ಕತ್ತಿಯೊಂದೇ 4 ಟನ್ ತೂಗುತ್ತದೆ.