ಚದುರಂಗದ ಮಣೆಯೂ ತರುಣರ ಸೇವೆಯೂ

ಸೇವೆಯೆಂಬ ಮಾತು ನಮ್ಮಲ್ಲಿ ನಾಲಗೆಯ ಮೇಲೆ ಎಷ್ಟು ಸುಲಭವಾಗಿ ನಲಿಯುವದೋ ಅಷ್ಟು ಸುಲಭವಾಗಿ ಕೈಗೆ ಇಳಿಯುವದಿಲ್ಲ. ಸಭೆ ಕೂಡಿಸಲು, ಹಾರ ಹಾಕಲು, ವರ್ಷಕ್ಕೊಂದು ದಿನ ಬೀದಿ ಗುಡಿಸಲು ತರುಣರ ಕೊರತೆಯಿಲ್ಲ. ಆದರೆ ವಾರವಾರವೂ ಅದೇ ದಿನ, ಅದೇ ತಾಸಿಗೆ, ಅದೇ ಹತ್ತು ಮಕ್ಕಳ ಮುಂದೆ ಹೋಗಿ ಕೂಡ್ರುವ ತರುಣನು ದುರ್ಲಭನು. ಇಂಥ ನಿಯಮಿತ ಸೇವೆಗೆ ಅತ್ಯಲ್ಪ ವೆಚ್ಚದ ಮಾರ್ಗವೊಂದನ್ನು ರಬಕವಿಯ ವಿದ್ಯಾವಂತ ತರುಣರ ಮುಂದಿಡಲು ನಾವು ಬಯಸುತ್ತೇವೆ. ನೇಕಾರರ ಓಣಿಯ ಮಕ್ಕಳಿಗೆ ಚದುರಂಗವನ್ನು ಕಲಿಸುವದೇ ಆ ಮಾರ್ಗ.

ಇದನ್ನೋದಿ ನಗುವವರೂ ಉಂಟು. ನೂಲಿನ ಬೆಲೆ ಏರಿದಾಗಲೊಮ್ಮೆ, ಸೀರೆಯ ಬೇಡಿಕೆ ಇಳಿದಾಗಲೊಮ್ಮೆ ಒಲೆಯ ಉರಿ ಕುಗ್ಗುವ ಮನೆಗಳಿಗೆ ಆಟವೇಕೆ ಎಂದು ಅವರು ಕೇಳುವರು. ಪ್ರಶ್ನೆ ನ್ಯಾಯವಾದುದೇ. ಆಟದಿಂದ ಹೊಟ್ಟೆ ತುಂಬದು. ಆದರೆ ತಾಯಿತಂದೆಗಳು ಮಗ್ಗದ ಮುಂದಿರುವಾಗ ಸಂಜೆಯ ಹೊತ್ತು ಮಗುವಿನ ಕೈಯಲ್ಲಿರುವದು ಮೊಬೈಲು. ಪಕ್ಕದಲ್ಲಿ ಕುಳಿತು ಅದನ್ನು ಮಾತನಾಡಿಸುವ ಹಿರಿಯರು ಯಾರೂ ಇಲ್ಲ. ಕೊರತೆಯಿರುವದು ಇಲ್ಲಿಯೇ.

ಚದುರಂಗವನ್ನು ಕಲಿತರೆ ಪರೀಕ್ಷೆಯಲ್ಲಿ ಅಂಕಗಳು ಏರುವವೆಂಬ ಆಶೆಯನ್ನು ಯಾರಿಗೂ ತೋರಿಸಲಾಗದು. ಆರ್ಮೇನಿಯಾ ದೇಶವು 2011ರಲ್ಲಿ ಈ ಆಟವನ್ನು ಪ್ರಾಥಮಿಕ ಶಾಲೆಗಳಲ್ಲಿ ಕಡ್ಡಾಯ ವಿಷಯವನ್ನಾಗಿ ಮಾಡಿತು. ಆದರೆ ಇಂಗ್ಲಂಡಿನ 100 ಪ್ರಾಥಮಿಕ ಶಾಲೆಗಳನ್ನೊಳಗೊಂಡು ನಡೆದು 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಪಾಠ ಮುಗಿದು ವರ್ಷ ಕಳೆದ ಮೇಲೆ ಚದುರಂಗ ಕಲಿತ ಮಕ್ಕಳಿಗೂ ಕಲಿಯದವರಿಗೂ ಗಣಿತದ ಅಂಕಗಳಲ್ಲಿ ಭೇದ ಕಂಡುಬರಲಿಲ್ಲ. ನಾವು ಬಯಸುವ ಲಾಭವು ಬೇರೆ. ಕಾಯಿ ಮುಟ್ಟುವ ಮೊದಲು ತಡೆದು ಯೋಚಿಸುವದು, ಎದುರಿಗಿದ್ದವನ ಮನಸ್ಸನ್ನು ಊಹಿಸುವದು, ಸೋತಾಗ ಕೈಕುಲುಕಿ ಏಳುವದು, ಮಾಲಕನ ಮಗನೂ ಕೂಲಿಯ ಮಗಳೂ ಒಂದೇ ಮಣೆಗೆ ಸರಿಸಮನಾಗಿ ಕೂಡ್ರುವದು—ಇವು ಅಂಕಪಟ್ಟಿಗೆ ಸಿಗದ ಲಾಭಗಳು.

ಇಂಥ ಕಾರ್ಯದ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ರಬಕವಿಯು ಸಾಂಗಲಿ ಸಂಸ್ಥಾನದ ಊರಾಗಿತ್ತು. ಆ ಸಾಂಗಲಿಯಲ್ಲಿ ದಿವಂಗತ ಭಾವೂಸಾಹೇಬ ಪಡಸಲಗೀಕರರು ನೂತನ ಬುದ್ಧಿಬಲ ಮಂಡಳವನ್ನು ಕಟ್ಟಿ, ಮಕ್ಕಳಿಗೆ ಚದುರಂಗ ಕಲಿಸುವದನ್ನೇ ಬಾಳಿನ ವ್ರತವನ್ನಾಗಿ ಮಾಡಿಕೊಂಡರು. ಮುಂದೆ ಐದು ಸಲ ರಾಷ್ಟ್ರೀಯ ಮಹಿಳಾ ವಿಜೇತೆಯಾದ ಭಾಗ್ಯಶ್ರೀ ಸಾಠೆಯವರು ಅಲ್ಲಿ ಪಳಗಿದವರು. ದೊಡ್ಡ ನಗರವಲ್ಲದ ಒಂದು ಊರಿಗೆ ಈ ಕೀರ್ತಿ ಬಂದದ್ದು ಹಣದಿಂದಲ್ಲ, ಕಲಿಸುವವರೊಬ್ಬರು ದಿನವೂ ಕುಳಿತಿದ್ದರೆಂಬುದರಿಂದ.

ಪಡಸಲಗೀಕರ ಎಂಬ ಅಡ್ಡಹೆಸರು ಕೇಳಿದೊಡನೆ ಈ ಭಾಗದವರಿಗೆ ಜಮಖಂಡಿ ಸೀಮೆಯ ಪಡಸಲಗಿಯ ನೆನಪಾಗದಿರದು. ಅಲ್ಲಿಯ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾತೀರದ ರೈತರು ತಾವೇ ವಂತಿಗೆ ಕೂಡಿಸಿ, ಶ್ರಮದಾನ ಮಾಡಿ, ನದಿಗೆ ಬ್ಯಾರೇಜು ಕಟ್ಟಿದರು. ಸರಕಾರದ ದಾರಿ ಕಾಯದೆ ನದಿಯನ್ನೇ ತಡೆದು ನಿಲ್ಲಿಸಿದ ನೆಲದ ತರುಣರಿಗೆ ವಾರದಲ್ಲಿ ಎರಡು ತಾಸುಗಳನ್ನು ತೆಗೆದಿಡುವದು ಭಾರವಾಗದು.

ಕಾರ್ಯಕ್ರಮವು ಸರಳವಾದದ್ದು. ಮಣೆ ಕೊಳ್ಳುವ ಶಕ್ತಿಯಿಲ್ಲದಿದ್ದರೆ ಕಟ್ಟೆಯ ಮೇಲೆ ಸುಣ್ಣದ ಕಡ್ಡಿಯಿಂದ ಅರವತ್ತುನಾಲ್ಕು ಮನೆಗಳನ್ನು ಬರೆಯಬಹುದು. ಚೌಕುಳಿ ಕಾಗದದ ಮೇಲೆ ಸೆರಗಿನ ನಕ್ಷೆ ತೆಗೆಯುವ ಕಸುಬಿನ ಮಕ್ಕಳಿಗೆ ಮನೆಯೆಣಿಸುವದನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಮೊದಲ ವಾರ ಪ್ಯಾದೆಗಳಿಂದಷ್ಟೇ ಆಡಿಸಿ, ಆಮೇಲೆ ವಾರಕ್ಕೊಂದರಂತೆ ಆನೆ, ಒಂಟೆ, ವಜೀರ, ಕುದುರೆಗಳನ್ನು ಮಣೆಗೆ ಇಳಿಸಬೇಕು. ದೇಶೀ ಪದ್ಧತಿಯಲ್ಲಿ ಆಡಿದ ಮುದುಕರು ಓಣಿಯಲ್ಲಿದ್ದರೆ ಅವರನ್ನೂ ಕರೆಯಬೇಕು. ಅವರ ಆಟದಲ್ಲಿ ಪ್ಯಾದೆಗೆ ಮೊದಲ ನಡೆಯಲ್ಲಿಯೂ ಸಾಮಾನ್ಯವಾಗಿ ಒಂದೇ ಮನೆ. ಈಗಿನ ನಿಯಮದಲ್ಲಿ ಎರಡು ಮನೆಗಳ ಸ್ವಾತಂತ್ರ್ಯವುಂಟು. ಈ ಭೇದವನ್ನು ಅಜ್ಜನಿಂದಲೇ ಕೇಳಿದ ಮಗು ಆಟದ ಜತೆಗೆ ಆಟದ ಇತಿಹಾಸವನ್ನೂ ಕಲಿಯುವದು. ಹೆಣ್ಣುಮಕ್ಕಳನ್ನು ಮೊದಲ ದಿನದಿಂದಲೇ ಕೂಡ್ರಿಸಿಕೊಳ್ಳಬೇಕು. ಸಾಂಗಲಿಯ ಕೀರ್ತಿಯು ಹೆಣ್ಣುಮಗಳೊಬ್ಬಳಿಂದ ಬೆಳಗಿತೆಂಬುದನ್ನು ಮರೆಯಲಾಗದು.

ಕಲಿಸುವ ತರುಣನಿಗೂ ಇದರಲ್ಲಿ ಲಾಭವುಂಟು. ತನಗೆ ಕ್ಷಣದಲ್ಲಿ ಕಾಣುವ ನಡೆಯು ಇನ್ನೊಬ್ಬನಿಗೆ ಏಕೆ ಕಾಣದೆಂದು ತಾಳ್ಮೆಯಿಂದ ಅರಿಯದ ಹೊರತು ಕಲಿಸಲು ಬಾರದು. ನಾಳೆ ಶಿಕ್ಷಕನೋ ಅಧಿಕಾರಿಯೋ ಆಗುವವನಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಾವುದು?

ನಗರಸಭೆಯ ಮಹನೀಯರಲ್ಲಿಯೂ ಶಾಲೆಗಳ ಮುಖ್ಯಾಧ್ಯಾಪಕರಲ್ಲಿಯೂ ನಮ್ಮ ಬಿನ್ನಹವಿಷ್ಟೆ: ಸಂಜೆ ಬೀಗ ಬೀಳುವ ಕೋಣೆಗಳಲ್ಲಿ ಒಂದನ್ನು, ದೀಪವೊಂದರ ಸಹಿತ, ಈ ಕಾರ್ಯಕ್ಕೆ ಬಿಟ್ಟುಕೊಡಲಿ. ತರುಣರಲ್ಲಿ ಬಿನ್ನಹವು ಇನ್ನೂ ಕಠಿಣವಾದುದು. ಆರಂಭಶೂರತನವು ನಮ್ಮ ಹಳೆಯ ವ್ಯಾಧಿ. ನಾಲ್ಕು ವಾರ ಕಲಿಸಿ ಕಣ್ಮರೆಯಾಗುವವನು ಮಕ್ಕಳಿಗೆ ಚದುರಂಗವನ್ನಲ್ಲ, ದೊಡ್ಡವರ ಮಾತನ್ನು ನಂಬಬಾರದೆಂಬ ಪಾಠವನ್ನು ಕಲಿಸಿ ಹೋಗುವನು. ಒಂದು ವರ್ಷ ತಪ್ಪದೆ ಬರುವೆನೆಂಬ ಸಂಕಲ್ಪವಿದ್ದವನು ಮಾತ್ರ ಮಣೆಯನ್ನು ಬಿಚ್ಚಲಿ. ಅಂಥವರು ರಬಕವಿಯಲ್ಲಿ ಐವರು ದೊರೆತರೂ ಸಾಕು.